ಓದಿ ಹೇಳಿದ ಮೇಲೆ

ವಸತಿ ಸಮುಚ್ಚಯವೊಂದರ ಮೆಟ್ಟಿಲ ಬದಿಯ ಗೋಡೆಗೆ, ಅಲ್ಲಿನವರ ಜೊತೆ ಸೇರಿಯೇ ಚಿತ್ರ ಬರೆಯಬೇಕೆಂದು ನಮ್ಮ ತಂಡ ಹೊರಟಿತ್ತು. ಮೊದಲ ಸಭೆಗೆ ಹದಿನಾಲ್ಕು ಮಂದಿ ಬಂದರು. ಕರಡು ಚಿತ್ರ ಹರಡಿ, "ಈ ಗೋಡೆಗೆ ಏನು ಬರೆಯೋಣ?" ಎಂದು ಕೇಳಿದೆ. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಒಬ್ಬರು, "ಹೂವು ಬರೆಯಿರಿ, ಚೆನ್ನಾಗಿರುತ್ತದೆ" ಎಂದರು. ಮನೆಗೆ ಹೋಗುವ ಅವಸರದಲ್ಲಿ ಆಡಿದ ಮಾತು ಅದು.

ಆ ರಾತ್ರಿ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ನೆನಪಾದರು. 1979-80ರಲ್ಲಿ ಅವರು ನ್ಯೂಯಾರ್ಕ್ ನಗರದ ಸುಮಾರು 8,500 ನೈರ್ಮಲ್ಯ ಕಾರ್ಮಿಕರನ್ನು ಕಂಡು, ಒಬ್ಬೊಬ್ಬರ ಕೈ ಕುಲುಕಿ, ನಗರವನ್ನು ಜೀವಂತವಾಗಿಟ್ಟದ್ದಕ್ಕೆ ಧನ್ಯವಾದ ಹೇಳಿದ್ದರು. ತಿಂಗಳುಗಟ್ಟಲೆ ನಡೆದ ಆ ಓಡಾಟವೇ ಅವರ ಕಲಾಕೃತಿ. ನಾವು ಒಂದೇ ಸಂಜೆಯಲ್ಲಿ ಮಾತು ಮುಗಿಸಲು ಹೋಗಿದ್ದೆವು.

ಮರುವಾರ ಕರಡು ಚಿತ್ರವಿಲ್ಲದೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಹತ್ತಿ ಇಳಿಯುವವರನ್ನು, "ಇಲ್ಲಿ ದಿನಕ್ಕೆ ಎಷ್ಟು ಸಲ ಓಡಾಡುತ್ತೀರಿ?" ಎಂದಷ್ಟೇ ಕೇಳಿದೆ. ಮಾತಿಗೆ ಮಾತು ಬೆಳೆಯಿತು. ಅಜ್ಜಿಯೊಬ್ಬರು ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಉದ್ದಕ್ಕೂ ಸಾಗಿದ ಮಾಸಲು ಪಟ್ಟಿಯೊಂದನ್ನು ತೋರಿಸಿದರು. ಕೈ ತಾಗಿ ತಾಗಿ ಬಣ್ಣ ಸವೆದು, ಗೋಡೆ ನುಣುಪಾಗಿ ಹೊಳೆಯುತ್ತಿತ್ತು. ಹಿಡಿದುಕೊಳ್ಳಲು ಕಂಬಿಯಿಲ್ಲದ ಆ ಮೆಟ್ಟಿಲಲ್ಲಿ ಎಲ್ಲರಿಗೂ ಗೋಡೆಯೇ ಆಸರೆ. ನಮ್ಮ ಕರಡು ಚಿತ್ರ ಆ ಪಟ್ಟಿಯನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು.

ಏಳುವ ಮುಂಚೆ, ಬರೆದುಕೊಂಡದ್ದನ್ನು ಅವರಿಗೆಲ್ಲ ಓದಿ ಹೇಳಿದೆ. "ಮೆಟ್ಟಿಲಲ್ಲಿ ಸುರಕ್ಷತೆಯ ಕೊರತೆಯಿದೆ" ಎಂಬ ಸಾಲಿಗೆ ಬಂದಾಗ ಅಜ್ಜಿ ತಡೆದರು.

"ಅಲ್ಲಮ್ಮ, ನಾನು ಹಾಗೆ ಹೇಳಲೇ ಇಲ್ಲ. ಎರಡನೇ ಮಹಡಿಯ ದೀಪ ಕೆಟ್ಟಿದೆ ಎಂದೆ."

ನಿಜ. ಅವರ ಮಾತನ್ನು ವರದಿಯ ಭಾಷೆಗೆ ತಿರುಗಿಸುವ ಭರದಲ್ಲಿ ದೀಪವನ್ನೇ ಬಿಟ್ಟುಬಿಟ್ಟಿದ್ದೆ. ಅವರೆದುರೇ ಆ ಸಾಲು ಹೊಡೆದು ಹಾಕಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಅಲ್ಲಿಯವರೆಗೆ ದೂರ ನಿಂತಿದ್ದ ಇಬ್ಬರು ಹತ್ತಿರ ಬಂದು ಕುಳಿತು, "ನಮ್ಮದನ್ನೂ ಓದಿ, ನೋಡೋಣ" ಎಂದರು. ಸಮುದಾಯದೊಡನೆ ಕಲೆ ಮಾಡುವವರು ಬಣ್ಣ ಕಲಸುವುದಕ್ಕಿಂತ ಮೊದಲು ಹೀಗೆ ಓದಿ ಹೇಳುವುದನ್ನು ಕಲಿಯಬೇಕು ಎಂದು ಅಂದಿನಿಂದ ಗಟ್ಟಿಯಾಗಿ ನಂಬಿದ್ದೇನೆ.

ದೀಪದ ಅರ್ಜಿ ಮೊದಲು ಹೋಯಿತು, ಬಣ್ಣದ ಡಬ್ಬಿಗಳು ಆಮೇಲೆ ಬಂದವು. ಸವೆದ ಪಟ್ಟಿಯನ್ನು ಇದ್ದ ಹಾಗೆಯೇ ಬಿಟ್ಟು, ಅದರ ಮೇಲೂ ಕೆಳಗೂ ಚಿತ್ರ ಬರೆದೆವು. ಎರಡನೇ ಮಹಡಿಯ ತಿರುವಿನಲ್ಲಿ ಅಜ್ಜಿಯ ಕೈ ಇದೆ. ಮುಖ ಬೇಡ, ಕೈ ಸಾಕು ಎಂದಿದ್ದರು.