ಅಮೆರಿಕಕ್ಕೆ ಊರಿನ ಬೀಜ: ಅಡಗಿಸಿ ತರಬೇಡಿ, ಹೆಸರು ಬರೆದು ತನ್ನಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರು ಚಟ್ನಿಪುಡಿ, ಹಪ್ಪಳದ ಜೊತೆ ಹಿತ್ತಲಿನ ಬೀಜವನ್ನೂ ಕಟ್ಟಿಕೊಳ್ಳುತ್ತಾರೆ. ಕೆಲವರು ಅದನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾರೆ. ಹಾಗೆ ಬಚ್ಚಿಡುವ ಅಗತ್ಯವೇ ಇಲ್ಲ. ಬಿತ್ತನೆಗೆ ಸ್ವಲ್ಪ ಬೀಜ ತರಲು ಅಮೆರಿಕದ ಕೃಷಿ ಇಲಾಖೆಯಲ್ಲಿ ಸಸ್ಯ, ಪ್ರಾಣಿಗಳ ಆರೋಗ್ಯ ನೋಡಿಕೊಳ್ಳುವ ಏಫಿಸ್ (APHIS) ವಿಭಾಗವು ‘ಸ್ಮಾಲ್ ಲಾಟ್ಸ್ ಆಫ್ ಸೀಡ್’ ಎಂಬ ಪರವಾನಗಿಯನ್ನು ಪುಕ್ಕಟೆಯಾಗಿ ಕೊಡುತ್ತದೆ. ಒಮ್ಮೆ ಪಡೆದರೆ ಮೂರು ವರ್ಷ ನಡೆಯುತ್ತದೆ. ಅರ್ಜಿದಾರರಿಗೆ ಅಮೆರಿಕದ ವಿಳಾಸ ಇರಬೇಕಾದ್ದರಿಂದ ಇಲ್ಲಿರುವ ಮಗನೋ ಮಗಳೋ ಏಫಿಸ್‌ನ ಇ-ಫೈಲ್ ತಾಣದಲ್ಲಿ ಅರ್ಜಿ ಹಾಕಬೇಕು. ಟಿಕೆಟ್ ಮಾಡಿಸಿದ ದಿನವೇ ಹಾಕಿಬಿಡುವುದು ಒಳ್ಳೆಯದು.

ಈ ಪರವಾನಗಿಯ ಷರತ್ತುಗಳನ್ನು ಊರಿನಲ್ಲಿ ಪೊಟ್ಟಣ ಕಟ್ಟುವವರು ಬಾಯಿಪಾಠ ಮಾಡಿಕೊಳ್ಳುವಷ್ಟು ಚೆನ್ನಾಗಿ ತಿಳಿದಿರಬೇಕು. ಒಂದು ಪೊಟ್ಟಣದಲ್ಲಿ ಒಂದೇ ಜಾತಿಯ ಬೀಜ, ಹೆಚ್ಚೆಂದರೆ 50 ಕಾಳು ಅಥವಾ 10 ಗ್ರಾಂ. ಒಂದು ಸಲಕ್ಕೆ 50 ಪೊಟ್ಟಣ ಮೀರಬಾರದು. ದಂಟಿನಂಥ ಸಣ್ಣ ಬೀಜವಾದರೆ 10 ಗ್ರಾಂನಲ್ಲಿ ಸಾವಿರಾರು ಬರುತ್ತವೆ, ದಪ್ಪ ಕಾಳಾದರೆ ಎಣಿಸಿ 50 ಹಾಕುವುದೇ ಲಾಭ. ಪ್ರತಿ ಪೊಟ್ಟಣದ ಮೇಲೆ ಬೀಜದ ವೈಜ್ಞಾನಿಕ ಹೆಸರು, ಯಾವ ದೇಶದ್ದು, ಸಂಗ್ರಹಿಸಿದವರ ಅಥವಾ ಕಳಿಸಿದವರ ಹೆಸರು ಇರಬೇಕು. ‘ಸೊಪ್ಪಿನ ಬೀಜ’ ಎಂದು ಬರೆದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಬಸಳೆಗೆ ಬಸೆಲ್ಲಾ ಆಲ್ಬಾ, ತುಳಸಿಗೆ ಓಸಿಮಮ್ ಟೆನ್ಯುಯಿಫ್ಲೋರಮ್, ಚೆಂಡುಹೂವಿಗೆ ಟ್ಯಾಜೀಟಿಸ್ ಇರೆಕ್ಟಾ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಹೆಸರು ಸಿಕ್ಕ ಮೇಲೆ ಒಂದೊಂದನ್ನೂ ಏಫಿಸ್‌ನ ‘ಎಸಿಐಆರ್’ (ACIR) ಎಂಬ ಆಮದು ನಿಯಮಗಳ ದತ್ತಾಂಶದಲ್ಲಿ ಹುಡುಕಿ, ಭಾರತದಿಂದ ತರಬಹುದೇ ಎಂದು ನೋಡಿ. ನಿಯಮಗಳು ಬದಲಾಗುತ್ತಿರುವುದರಿಂದ ಹಿಂದಿನ ಸಲ ಬಂದಿತ್ತು ಎನ್ನುವ ಧೈರ್ಯ ಸಾಲದು.

ನಮ್ಮವರ ಬೀಜ ಸಿಕ್ಕಿಬೀಳುವುದು ಹೆಚ್ಚಾಗಿ ಕಾಪಿಡುವ ಕ್ರಮದಿಂದ. ತೊಗರಿಗೆ ಕೆಮ್ಮಣ್ಣು ಕಟ್ಟುತ್ತೇವೆ, ಬೂದಿಯಲ್ಲಿ ಹೊರಳಿಸುತ್ತೇವೆ, ಒಣಗಿದ ಹೀರೆಕಾಯಿಯನ್ನು ಬೀಜದ ಸಮೇತ ಸೂರಿಗೆ ನೇತುಹಾಕುತ್ತೇವೆ. ಹುಳ ತಡೆಯಲು ಇವೆಲ್ಲ ಒಳ್ಳೆಯ ಉಪಾಯಗಳೇ, ಆದರೆ ಪರವಾನಗಿಯಡಿ ಮಣ್ಣು, ಹೊಟ್ಟು, ಸಿಪ್ಪೆ, ಕಾಯಿಯೊಳಗಿನ ಬೀಜ ಯಾವುದೂ ಬರುವಂತಿಲ್ಲ. ಅಂಗಡಿಯ ಪ್ಯಾಕೆಟ್ ತಂದರೂ ಒಡೆದು ನೋಡಿ. ಬೀಜ ಗುಲಾಬಿಯೋ ಹಸಿರೋ ಬಣ್ಣದ್ದಾಗಿದ್ದು, ಪ್ಯಾಕೆಟ್ಟಿನ ಮೇಲೆ ವಿಷದ ಎಚ್ಚರಿಕೆ ಇದ್ದರೆ ಅದಕ್ಕೆ ಥೈರಮ್‌ನಂಥ ಔಷಧಿ ಲೇಪಿಸಿರುತ್ತಾರೆ. ಕೀಟನಾಶಕ, ಶಿಲೀಂಧ್ರನಾಶಕ ಸೋಕಿದ ಬೀಜಕ್ಕೆ ಈ ಪರವಾನಗಿ ಅನ್ವಯಿಸುವುದಿಲ್ಲ.

ಬೀಜವನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ತೂತು ಬಿದ್ದ ಕಾಳನ್ನು ಆರಿಸಿ ತೆಗೆಯಿರಿ. ನೆರಳಲ್ಲಿ ಒಣಗಿಸಿ. ಹಲ್ಲಿನಲ್ಲಿ ಕಚ್ಚಿದರೆ ಕಾಳು ಪಟ್ಟನೆ ಒಡೆಯಬೇಕು. ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ ಇದೆ ಎಂದರ್ಥ. ದ್ವಿದಳ ಕಾಳುಗಳಲ್ಲಿ ಜೀರುಂಡೆಯು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರಬಹುದು, ಹೊರಗೆ ಕಾಣುವುದಿಲ್ಲ. ಚೆನ್ನಾಗಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಒಳಗಿನ ಹುಳವೂ ಸಾಯುತ್ತದೆ. ಹಸಿ ಬೀಜವನ್ನು ಹಾಗಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಮೊಳಕೆಯೇ ಸತ್ತುಹೋಗುತ್ತದೆ. ಹೊರತೆಗೆದ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೂ ಮುಚ್ಚಳ ತೆರೆಯಬೇಡಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕಟ್ಟುತ್ತದೆ.

ಕೆಲವನ್ನು ಎಷ್ಟು ಶುಚಿ ಮಾಡಿದರೂ ತರಬಾರದು. ಮೊದಲನೆಯದು ಕರಿಬೇವು: ಸೊಪ್ಪು, ಸಸಿ, ಬೀಜ ಯಾವುದೂ ಬೇಡ. ಕರಿಬೇವು ಕಿತ್ತಳೆ, ನಿಂಬೆಯ ಬಳಗದ ಗಿಡ. ಅದರ ಚಿಗುರಿನಲ್ಲಿ ಬೆಳೆಯುವ ಸಿಟ್ರಸ್ ಸಿಲಿಡ್ ಎಂಬ ಪುಟ್ಟ ಕೀಟ ಕಿತ್ತಳೆ ಮರಗಳಿಗೆ ‘ಗ್ರೀನಿಂಗ್’ ರೋಗ ಹರಡುತ್ತದೆ, ಮದ್ದಿಲ್ಲ. ಫ್ಲೋರಿಡಾದಲ್ಲಿ ಈ ರೋಗ 2005ರಲ್ಲಿ ಪತ್ತೆಯಾಯಿತು. 2003–04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ರಾಜ್ಯ 2022–23ರಲ್ಲಿ 1.6 ಕೋಟಿಯ ಆಸುಪಾಸಿಗೆ ಇಳಿಯಿತು. ಒಗ್ಗರಣೆಗೆಂದು ತಂದ ಒಂದು ಹಿಡಿ ಸೊಪ್ಪಿನ ಬಗ್ಗೆ ಅಧಿಕಾರಿಗಳು ಅಷ್ಟು ಬಿಗಿಯಾಗಿರುವುದು ಸುಮ್ಮನೆ ಅಲ್ಲ. ಇಲ್ಲೇ ನಿಮ್ಮ ರಾಜ್ಯದ ಲೈಸೆನ್ಸ್ ಇರುವ ನರ್ಸರಿಯಲ್ಲಿ ಕರಿಬೇವಿನ ಸಸಿ ಕೇಳಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಲೂ ನಿರ್ಬಂಧಗಳಿವೆ. ದೇವನಹಳ್ಳಿ ಚಕ್ಕೋತ, ಕೊಡಗಿನ ಕಿತ್ತಳೆಯ ಬೀಜವನ್ನೂ ಇದೇ ಕಾರಣಕ್ಕೆ ಊರಲ್ಲೇ ಬಿಡಿ.

ಮಾವಿನ ಓಟೆಯೂ ಬೇಡ, ಅದರೊಳಗೆ ಮೂತಿಹುಳ ಅಡಗಿರುತ್ತದೆ. 2007ರಿಂದ ಇಲ್ಲಿಗೆ ಬರುತ್ತಿರುವ ಭಾರತದ ಮಾವು ವಿಕಿರಣಕ್ಕೆ ಒಡ್ಡಿದ ಮೇಲೆ ಬರುವುದು. ಭತ್ತ, ಅಕ್ಕಿ, ಕಡಲೆ, ಸೋಯಾ, ಕುಸುಬೆಯನ್ನು ಖಾಪ್ರಾ ಜೀರುಂಡೆಯ ಭಯದಿಂದ 2021ರ ಜುಲೈನಿಂದ ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಬೆಂಡೆ ಬೀಜಕ್ಕೆ ಹತ್ತಿಯ ಗುಲಾಬಿ ಕಾಯಿಕೊರಕದ ಕಾರಣಕ್ಕೆ ಬೇರೆಯೇ ನಿಯಮವಿದೆ. ಹುಚ್ಚೆಳ್ಳಿನಲ್ಲಿ ಪರಾವಲಂಬಿ ಕಳೆಯ ಬೀಜ ಬೆರೆತಿರುತ್ತದೆ ಎಂದು 120 ಡಿಗ್ರಿ ಬಿಸಿಯಲ್ಲಿ 15 ನಿಮಿಷ ಕಾಯಿಸುತ್ತಾರೆ, ಆಮೇಲೆ ಅದು ಬಿತ್ತನೆಗೆ ಬರುವುದಿಲ್ಲ.

ಸಸಿ, ಕಡ್ಡಿ ತರುವುದಕ್ಕೆ ದಾರಿ ಬೇರೆ. ನಿರ್ಬಂಧವಿಲ್ಲದ ಜಾತಿಯಾದರೆ 12ರವರೆಗೆ ಪರವಾನಗಿ ಇಲ್ಲದೆ ತರಬಹುದು, ಆದರೆ ಗಿಡಕ್ಕೆ ರೋಗ, ಕೀಟ ಇಲ್ಲವೆಂದು ಸರ್ಕಾರ ಕೊಡುವ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಕಡ್ಡಾಯ. ಬೆಂಗಳೂರು, ಮಂಗಳೂರಿನಲ್ಲಿ ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕೇಂದ್ರಗಳಿವೆ, ಅಲ್ಲಿ ಪರೀಕ್ಷಿಸಿ ಕೊಡುತ್ತಾರೆ. ಬೇರಿನಲ್ಲಿ ಮಣ್ಣಿನ ಕಣವೂ ಇರಬಾರದು. ತೊಳೆದು, ಒದ್ದೆ ಕಾಗದದಲ್ಲಿ ಸುತ್ತಿ ತನ್ನಿ. ಬಾಳೆ ಕಂದಿನ ಆಸೆ ಬೇಡ. ಘಟ್ಟದ ಆರ್ಕಿಡ್‌ಗಳಿಗೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪತ್ರವೂ ಬೇಕು, ಕಾಡಿನಿಂದಂತೂ ಕೀಳಲೇಬಾರದು.

ವಿಮಾನ ನಿಲ್ದಾಣದಲ್ಲಿ ಬೀಜ ಇದೆಯೇ ಎಂದರೆ ಹೌದು ಎನ್ನಿ. ಇಂಗ್ಲಿಷ್ ಬಾರದ ಹಿರಿಯರ ಕೈಯಲ್ಲಿ ಪರವಾನಗಿಯ ಪ್ರತಿ, ಪೊಟ್ಟಣಗಳ ಪಟ್ಟಿ, ಇಲ್ಲಿರುವವರ ಫೋನ್ ನಂಬರ್ ಒಂದೇ ಲಕೋಟೆಯಲ್ಲಿರಲಿ. ಪೊಟ್ಟಣಗಳನ್ನು ಸೂಟ್‌ಕೇಸಿನ ತಳಕ್ಕೆ ಹಾಕದೆ ಕೈಚೀಲದಲ್ಲಿಡಿ. ತಪಾಸಣಾ ಕೇಂದ್ರಕ್ಕೆ ಕಳಿಸಬೇಕೆಂದು ಅಧಿಕಾರಿ ಇಟ್ಟುಕೊಂಡರೆ ಗಾಬರಿಯಾಗಬೇಡಿ. ಹೇಳಿ ತೋರಿಸಿದ್ದು ನಿಷಿದ್ಧವಾಗಿದ್ದರೆ ಅದನ್ನಷ್ಟೇ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ಮೊದಲ ಸಲಕ್ಕೇ 1,000 ಡಾಲರ್‌ವರೆಗೆ ದಂಡ ಬೀಳಬಹುದು, ನಿಲ್ದಾಣದಲ್ಲಿ ಬೇಗ ಹೊರಬರುವ ‘ಗ್ಲೋಬಲ್ ಎಂಟ್ರಿ’ ಸೌಲಭ್ಯ ಇದ್ದವರಿಗೆ ಅದೂ ಹೋಗಬಹುದು.

ಇಲ್ಲಿಂದ ಊರಿಗೆ ಹೂವಿನ ಬೀಜ, ಗುಲಾಬಿ ಕಡ್ಡಿ ಒಯ್ಯುವವರಿಗೂ ಕಾನೂನಿದೆ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿ ವಿನಾಯಿತಿ ಇರುವುದು ಸ್ವಂತ ಬಳಕೆಯ 2 ಕೆ.ಜಿ.ಯೊಳಗಿನ ಹಣ್ಣು, ತರಕಾರಿ, ಕತ್ತರಿಸಿದ ಹೂವಿಗೆ ಮಾತ್ರ. ಬಿತ್ತುವ ಬೀಜಕ್ಕೆ, ನೆಡುವ ಕಡ್ಡಿಗೆ ಭಾರತದ ಆಮದು ಪರವಾನಗಿಯನ್ನು ಮೊದಲೇ ಪಡೆದು, ಅಮೆರಿಕದ ಫೈಟೊಸ್ಯಾನಿಟರಿ ಸರ್ಟಿಫಿಕೇಟನ್ನೂ ಜೊತೆಗಿಟ್ಟುಕೊಂಡೇ ಹೊರಡಬೇಕು.