ಆಟ ಹುಟ್ಟಿಸಿದವನೇ ಸೋತಿದ್ದ

ನಮ್ಮ ಕಲಬುರಗಿ ಬಿಸಿಲಿಗೆ ಬಾಸ್ಕೆಟ್‌ಬಾಲ್‌ನ ಸಿಮೆಂಟ್ ಕೋರ್ಟು ಸಂಜೆ ಆರಾದರೂ ಕಾದ ಹಂಚು. ನಿನ್ನೆ ಮೂರನೇ ಮ್ಯಾಚೂ ಸೋತು ಹುಡುಗರು ಗೋಡೆಗೆ ಒರಗಿ ಕೂತಿದ್ದರು. ಒಬ್ಬ, "ಸರ್, ನೀವು ಕಲಿಸೋದ್ರಾಗೇ ಏನರ ತಪ್ಪದ ಏನ್ರಿ?" ಅಂದ. ಬೈಯಬೇಕಂತ ಬಾಯಿ ತೆರೆದವನು ನೈಸ್ಮಿತ್ ಕಥೆ ಶುರು ಹಚ್ಚಿದೆ.

1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿ ಈ ಆಟ ಹುಟ್ಟಿಸಿದ ಪುಣ್ಯಾತ್ಮ. 1898ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಗಂಡು ಹುಡುಗರ ತಂಡ ಕಟ್ಟಿದ. ಗೆದ್ದದ್ದು 55, ಸೋತದ್ದು 60. ಅಲ್ಲಿನ ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರೋದು ಅವನೊಬ್ಬನದೇ! ಅವನ ಶಿಷ್ಯ ಫಾಗ್ ಅಲೆನ್ ಅದೇ ತಂಡದ ಕೋಚ್ ಆಗಿ 1952ರಲ್ಲಿ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಪ್ರಶಸ್ತಿ ತಂದ. ಆಮೇಲೆ 1988, 2008, 2022ರಲ್ಲೂ ಬಂತು.

"ಮತ್ತ ನಮ್ಮೊಳಗ ಆ ಅಲೆನ್ ಯಾರ್ರಿ?" ಅಂದ ಅದೇ ಹುಡುಗ.

"ಮೊದಲು ಐವತ್ತು ಫ್ರೀ ಥ್ರೋ ಹಾಕು, ಹೇಳ್ತೀನಿ."