ಐದು ಅಂಕದ ಪ್ರಶ್ನೆಯೂ ಶುಕ್ರವಾರದ ಕೆಚಪ್ಪೂ

ಲೆಸ್ಟರ್‌ನ ಒಂದು ಸೆಕೆಂಡರಿ ಶಾಲೆಯಲ್ಲಿ ನಾನು ಆರ್‌ಇ ಟೀಚರ್. ರಿಲಿಜಿಯಸ್ ಎಜುಕೇಶನ್. ಧಾರವಾಡದಲ್ಲಿ ಇದನ್ನು ಹೇಳಿದರೆ ನಮ್ಮ ಕಾಕಾ, "ಅಂದ್ರ ಅಲ್ಲಿ ಭಜನಿ ಕಲಸ್ತೀಯೇನು?" ಅಂತಾರೆ. ಅವರ ತಪ್ಪಲ್ಲ. ನಮ್ಮಲ್ಲಿ ಸಂವಿಧಾನದ 28ನೇ ವಿಧಿ ಪ್ರಕಾರ, ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ಉಲ್ಟಾ. ಸರ್ಕಾರದ ದುಡ್ಡಿನ ಶಾಲೆ ಅಂದಮೇಲೆ ಆರ್‌ಇ ಇರಲೇಬೇಕು. 1944ರ ಶಿಕ್ಷಣ ಕಾಯ್ದೆಯಿಂದಲೂ ಹೀಗೇ. ಬೇಡ ಅನ್ನುವ ತಂದೆತಾಯಿ ಮಗುವನ್ನು ಈ ಕ್ಲಾಸಿನಿಂದ ಬಿಡಿಸಿಕೊಳ್ಳಬಹುದು, ಅಷ್ಟೇ.

ಹಾಗಂತ ಯಾರನ್ನೂ ಭಕ್ತರನ್ನಾಗಿ ಮಾಡುವ ಕೆಲಸ ನನ್ನದಲ್ಲ. ಕ್ರೈಸ್ತರು ಏನು ನಂಬುತ್ತಾರೆ, ಸಿಖ್ಖರು ಯಾಕೆ ಗುರುದ್ವಾರದಲ್ಲಿ ಎಲ್ಲರಿಗೂ ಊಟ ಹಾಕುವ ಲಂಗರ್ ನಡೆಸುತ್ತಾರೆ, ದೇವರೇ ಇಲ್ಲ ಅನ್ನುವವರು ಸರಿ ತಪ್ಪುಗಳನ್ನು ಹೇಗೆ ತೀರ್ಮಾನಿಸುತ್ತಾರೆ, ಇದು ಪಾಠ. ಈ ಕೊನೆಯ ಮಾತಿಗಾಗಿ ಕೋರ್ಟೇ ಹತ್ತಬೇಕಾಯಿತು. ಇಲ್ಲಿನ ಮಕ್ಕಳು ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಪಠ್ಯದಲ್ಲಿ ಧರ್ಮವಿಲ್ಲದವರ ದೃಷ್ಟಿಗೆ ಸರಿಯಾದ ಜಾಗ ಕೊಟ್ಟಿಲ್ಲ ಅಂತ ಮೂರು ಕುಟುಂಬಗಳು ಸರ್ಕಾರದ ಮೇಲೆ ಕೇಸು ಹಾಕಿ, 2015ರಲ್ಲಿ ಹೈಕೋರ್ಟಿನಲ್ಲಿ ಗೆದ್ದವು. 2018ರಲ್ಲಿ ಒಂದು ಆಯೋಗ, ವಿಷಯದ ಹೆಸರನ್ನೇ 'ರಿಲಿಜನ್ ಅಂಡ್ ವರ್ಲ್ಡ್‌ವ್ಯೂಸ್' ಮಾಡಿ ಅಂದಿತು. ಸರ್ಕಾರ ಒಪ್ಪಲಿಲ್ಲ. ಟೀಚರ್‌ಗಳಲ್ಲಿ ತುಂಬ ಜನ ಒಪ್ಪಿಕೊಂಡೆವು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37.2ರಷ್ಟು ಜನ ತಮಗೆ ಧರ್ಮವಿಲ್ಲ ಅಂದಿದ್ದಾರೆ. ಆ ಮನೆಗಳ ಮಕ್ಕಳೂ ನನ್ನ ಕ್ಲಾಸಿನಲ್ಲೇ ಕೂತಿರುತ್ತಾರಲ್ವಾ?

ಧರ್ಮ ಏನು ಹೇಳುತ್ತೆ ಅಂತ ಕೇಳಿ ಬಿಡುವುದಲ್ಲ, ಈ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ ಅಂತಲೂ ಕೇಳುವುದು. ವರ್ಲ್ಡ್‌ವ್ಯೂಸ್ ಅಂದರೆ ನನಗೆ ಇಷ್ಟು. ನಾನು ಇದರ ಕಡೆ ವಾಲಲು ಕಾರಣ ನಮ್ಮವ್ವ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುತ್ತಾಳೆ. ಗುಡಿ ಬೇಕಿಲ್ಲ, ಪೂಜಾರಿ ಬೇಕಿಲ್ಲ. ನಾನು ಕಲಿಸುವ ಪುಸ್ತಕದ ಹಿಂದೂ ಅಧ್ಯಾಯದಲ್ಲಿ ಬ್ರಹ್ಮ, ಆತ್ಮ, ಕರ್ಮ, ತ್ರಿಮೂರ್ತಿ ಎಲ್ಲ ಇವೆ. ಅವ್ವ ಇಲ್ಲ. 2015ರಿಂದ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪುತ್ಥಳಿ ಇದೆ, ಪುಸ್ತಕದೊಳಗೆ ಮಾತ್ರ ಅವರು ಬಂದಿಲ್ಲ. ಇನ್ನು ಅವ್ವ ಹಿಂದೂ ಹೌದೋ ಅಲ್ಲವೋ ಅನ್ನೋದಕ್ಕೆ ನಮ್ಮ ಮನೆಯಲ್ಲೇ ಎರಡು ಉತ್ತರ ಇವೆ, ಬಿಡಿ.

ಈ ಸಲ ಇಯರ್ ಟೆನ್‌ಗೆ, ಅಂದರೆ ಹದಿನಾಲ್ಕು ಹದಿನೈದರ ಮಕ್ಕಳಿಗೆ, ಮೋಕ್ಷದ ಪಾಠ. ಹಿಂದೂಗಳ ಕೊನೆಯ ಗುರಿ ಮೋಕ್ಷ ಅಂತ ಬೋರ್ಡ್ ಮೇಲೆ ಬರೆದೆ. ಒಬ್ಬ ಗುಜರಾತಿ ಹುಡುಗಿ ಕೈ ಎತ್ತಿದಳು. "ಮಿಸ್, ನಮ್ಮನೇಲಿ ಮೋಕ್ಷದ ಮಾತೇ ಯಾರೂ ಎತ್ತಲ್ಲ."

"ಮತ್ತೆ ಯಾವ ಮಾತು ಎತ್ತುತ್ತಾರೆ?"

ಅವಳ ಅಜ್ಜಿ, ಅವಳು 'ಬಾ' ಅನ್ನುತ್ತಾಳೆ, ಸಂತೋಷಿ ಮಾತಾ ವ್ರತ ಹಿಡಿದಿದ್ದಾರೆ. ಶುಕ್ರವಾರ ಒಪ್ಪೊತ್ತು. ಬೆಲ್ಲ, ಹುರಿಗಡಲೆ ನೈವೇದ್ಯ. ಹುಳಿ ಮುಟ್ಟುವಂತಿಲ್ಲ. ಲಿಂಬೆ ಇಲ್ಲ, ಮೊಸರಿಲ್ಲ. ಮೊಮ್ಮಕ್ಕಳು ಚಿಪ್ಸ್ ತಂದರೆ ಆ ದಿನ ಕೆಚಪ್ ಬಾಟಲಿ ಫ್ರಿಜ್‌ನಿಂದ ಆಚೆ ಬರೋ ಹಾಗಿಲ್ಲ.

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಕ್ಲಾಸು ಎದ್ದು ಕೂತಿತು. ತಮ್ಮ ಮನೇಲಿ ಶುಕ್ರವಾರ ಮಾಂಸ ಮಾಡಲ್ಲ ಅಂದ ಪೋಲಿಷ್ ಕ್ಯಾಥೊಲಿಕ್ ಹುಡುಗ. ಒಂದು ಹೊತ್ತು ಊಟ ಮಾಡಿದರೆ ಅದು ಉಪವಾಸ ಹೇಗಾಗುತ್ತೆ ಅಂತ ರಂಜಾನ್ ರೋಜಾ ಇಡುವ ಹುಡುಗನ ತಕರಾರು. ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ. ಅವರ ಮನೆಯಲ್ಲಿ ದೇವರು ದಿಂಡರು ಏನೂ ಇಲ್ಲ. "ನಮ್ಮಕ್ಕ ವೀಗನ್, ಹಾಲೂ ಕುಡಿಯಲ್ಲ. ಅವಳದ್ದೂ ಲೆಕ್ಕಕ್ಕೆ ಬರುತ್ತಾ ಮಿಸ್?" ಆ ಪ್ರಶ್ನೆಗೆ ಉಳಿದ ಪೀರಿಯಡ್ ಪೂರ್ತಿ ಹೋಯಿತು. ನನ್ನ ಸ್ಲೈಡ್‌ಗಳು ಹಾಗೇ ಉಳಿದವು.

ಆದರೆ ಪರೀಕ್ಷೆ ಅಂತ ಒಂದಿದೆ. ನಮ್ಮ ಪರೀಕ್ಷಾ ಬೋರ್ಡಿನಲ್ಲಿ ಐದು ಅಂಕದ ಪ್ರಶ್ನೆಗೆ ಎರಡು ಅಂಶ ವಿವರಿಸಿ, ಪವಿತ್ರ ಗ್ರಂಥವನ್ನೋ ಆ ಧರ್ಮದ ಬೇರೆ ಆಧಾರವನ್ನೋ ಹೇಳಬೇಕು. ಆಧಾರ ಇಲ್ಲದಿದ್ದರೆ ಐದನೇ ಅಂಕ ಇಲ್ಲ. ಹುಡುಗಿ ಕ್ಲಾಸ್ ಮುಗಿದ ಮೇಲೆ ಬಂದಳು. ಬಾ ಶುಕ್ರವಾರ ಒಂದು ಚಿಕ್ಕ ಪುಸ್ತಕ ತೆಗೆದು ವ್ರತದ ಕಥೆ ಓದುತ್ತಾರಂತೆ. "ಅದೂ ಆಧಾರ ಆಗುತ್ತಾ?"

ಆಗಬೇಕು ಅಂತಲೇ ನನ್ನ ವಾದ. ಕೋಟಿ ಹೆಂಗಸರು ಗೀತೆಗಿಂತ ಜಾಸ್ತಿ ಸಲ ಓದಿರುವುದು ಇಂಥ ಕಥೆ ಪುಸ್ತಕಗಳನ್ನೇ ಇರಬೇಕು. ಆದರೆ ಉತ್ತರಪತ್ರಿಕೆ ನೋಡುವವರು ಎಲ್ಲಿಯವರೋ, ಈ ಕಥೆ ಕೇಳಿದ್ದಾರೋ ಇಲ್ಲವೋ. ಮೊದಲು ಗೀತೆಯ ಒಂದು ಮಾತು ಬರೆದುಬಿಡು, ಆಮೇಲೆ ನಿಮ್ಮ ಬಾ ಓದುವ ಕಥೆ ಬರಿ ಅಂದೆ. ಅವಳಿಗೆ ಇದು ಅಷ್ಟು ಹಿಡಿಸಲಿಲ್ಲ. ನನಗೂ ಹಿಡಿಸಿಲ್ಲ.

ಪುಸ್ತಕ ತರುತ್ತೇನೆ ಅಂದಿದ್ದಾಳೆ. ನನಗೆ ಗುಜರಾತಿ ಓದಲು ಬರಲ್ಲ, ಅವಳಿಗೂ ಅಷ್ಟಕ್ಕಷ್ಟೇ. ಹಾಗಾಗಿ ಬಾ ಅವರನ್ನೇ ಕ್ಲಾಸಿಗೆ ಕರೆಸೋಣ ಅಂತ ಹೆಡ್‌ಗೆ ಇಮೇಲ್ ಹಾಕಿದ್ದೇನೆ. ಶುಕ್ರವಾರ ಒಂದು ಬಿಟ್ಟು ಯಾವ ದಿನ ಕರೆದರೂ ಬರ್ತಾರಂತೆ.